ತುಕ್ಕು ಹಿಡಿದ ಹಳೆಯ ಪಿಕಪ್: ಬಣ್ಣಕ್ಕೂ ಮೊದಲು ನೀರಿನ ದಾರಿ ಹುಡುಕಿ

ಬಾಗಿಲಿನ ಕೆಳಅಂಚಿನಲ್ಲಿ ಬಣ್ಣ ಒಂದು ಕಾಳಿನಷ್ಟು ಉಬ್ಬಿದೆ. ಉಗುರಿನಿಂದ ಕೆರೆದರೆ ಚಕ್ಕೆ ಎದ್ದು ಒಳಗೆ ಕಂದು ಪುಡಿ ಕಾಣುತ್ತದೆ. ಇಷ್ಟೇ ತಾನೆ, ಉಜ್ಜಿ ಬಣ್ಣ ಹಚ್ಚಿದರಾಯಿತು ಅನ್ನಿಸುತ್ತದೆ. ಆದರೆ ಆ ಉಬ್ಬು ಹೊರಗಿನಿಂದ ಬಂದದ್ದಲ್ಲ. ಬಾಗಿಲಿನ ಹೊಟ್ಟೆಯೊಳಗೆ ವರ್ಷಗಟ್ಟಲೆ ನಿಂತ ನೀರು ತಗಡನ್ನು ಒಳಮೈಯಿಂದ ತಿನ್ನುತ್ತಾ ಬಂದು ಈಗ ಹೊರಗೆ ಇಣುಕಿದೆ. ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಹಲವು ಪಟ್ಟು ಹಿಗ್ಗುತ್ತದೆ, ಬಣ್ಣವನ್ನು ಎತ್ತಿ ಒಡೆಯುವುದು ಆ ಹಿಗ್ಗುವಿಕೆಯೇ. ಹಾಗಾಗಿ ಹೊರಗೆ ಕಾಳಿನಷ್ಟು ಕಂಡರೆ ಒಳಗೆ ಅಂಗೈಯಷ್ಟು ಇರುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಕೆಲಸಕ್ಕೆ ಇಳಿಯಿರಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ಪಿಕಪ್‌ನ ಕ್ಯಾಬಿನ್ ಮೂಲೆಯ ತೂತಿಗೆ ಜಾಲರಿ ಇಟ್ಟು, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದೆ. ನೋಡಿದವರು ಹೊಗಳಿದ್ದೇ ಹೊಗಳಿದ್ದು. ಎಂಟೇ ತಿಂಗಳಲ್ಲಿ ಇಡೀ ಪುಟ್ಟಿ ಗಾಯದ ಹಕ್ಕಳೆಯ ಹಾಗೆ ಒಂದೇ ತುಂಡಾಗಿ ಕೈಗೆ ಬಂತು. ಹಿಂದಿದ್ದ ತೂತು ಮೊದಲಿಗಿಂತ ಎರಡರಷ್ಟಾಗಿತ್ತು. ಪುಟ್ಟಿ ನೀರನ್ನು ಹೀರಿ ತಗಡಿಗೆ ಅಂಟಿಸಿ ಇಟ್ಟುಕೊಂಡಿತ್ತು, ಅಷ್ಟೇ.

ಮೊದಲು ಪರೀಕ್ಷೆ, ಆಮೇಲೆ ಲೋಹ ಉಜ್ಜುವ ಗ್ರೈಂಡರ್

ಒಂದು ಸ್ಕ್ರೂ ಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಸಣ್ಣ ಸುತ್ತಿಗೆ, ಟಾರ್ಚು, ಸೀಮೆಸುಣ್ಣ. ಮೊದಲ ದಿನಕ್ಕೆ ಇಷ್ಟು ಸಾಕು.

ಶುರು ಮಾಡಬೇಕಾದದ್ದು ಚಾಸಿಯಿಂದ, ಅಂದರೆ ಇಡೀ ವಾಹನ ಕೂತಿರುವ ಕೆಳಚೌಕಟ್ಟಿನಿಂದ. ವಾಹನದ ಕೆಳಗೆ ಹೋಗುವ ಮುನ್ನ ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ಕೊಳೆತದ್ದು ಧಪ್ ಎನ್ನುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಕ್ಯಾಬಿನ್ ಬೋಲ್ಟ್ ಆಗುವ ಮೌಂಟ್‌ಗಳು, ಸ್ಟೀರಿಂಗ್ ಬಾಕ್ಸಿನ ಸುತ್ತ, ಎರಡು ಪದರದ ತಗಡು ಸೇರುವ ಕಡೆಗಳು, ಇವನ್ನು ಬಿಡಬೇಡಿ. ಚಾಸಿಯೊಳಕ್ಕೆ ಸ್ಕ್ರೂ ಡ್ರೈವರ್ ಇಳಿಯಿತೋ, ಬಾಡಿ ಕೆಲಸ ಅಲ್ಲಿಗೆ ನಿಲ್ಲಿಸಿ. ಅದು ಭಾರ ಹೊರುವ ಭಾಗ. ಚಾಸಿ ವೆಲ್ಡಿಂಗ್‌ನಲ್ಲಿ ಪಳಗಿದವರು ನೋಡಿ, ಉಳಿಯುತ್ತದೋ ಇಲ್ಲವೋ ಹೇಳಿದ ಮೇಲೆ ಮುಂದಿನದು.

ಚಾಸಿ ಚೆನ್ನಾಗಿದ್ದರೆ ಬಾಡಿಗೆ ಬನ್ನಿ. ಪಿಕಪ್‌ಗಳಿಗೆ ತುಕ್ಕು ಹಿಡಿಯುವ ಜಾಗಗಳು ಹೆಚ್ಚುಕಡಿಮೆ ಒಂದೇ: ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಕ್ಯಾಬಿನ್ನಿನ ಹಿಂದಿನ ಎರಡು ಕೆಳಮೂಲೆಗಳು, ಚಕ್ರದ ಮೇಲಿನ ಕಮಾನು, ಬಾಗಿಲುಗಳ ತಳ, ಡ್ರೈವರ್ ಕಾಲಿಡುವ ನೆಲ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಕೆಳಗೆ, ಸರಕು ಹೇರುವ ಹಿಂದಿನ ತೊಟ್ಟಿಯ ಮುಂಭಾಗ. ಅನುಮಾನ ಬಂದಲ್ಲೆಲ್ಲ ಸ್ಕ್ರೂ ಡ್ರೈವರ್‌ನಿಂದ ಒತ್ತಿ. ಕನಿಕರ ತೋರಿಸಬೇಡಿ. ಅಯಸ್ಕಾಂತ ಅಂಟದೆ ಜಾರಿದ ಕಡೆ ಯಾರೋ ಹಿಂದೆಯೇ ಪುಟ್ಟಿ ಮೆತ್ತಿದ್ದಾರೆ ಎಂದರ್ಥ.

ಆಮೇಲೆ ನೀರಿನ ಪರೀಕ್ಷೆ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ. ಮೇಲಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ಸಂದಿಯಿಂದ ಬಂತೆಂದು ಗೊತ್ತಾಗುವುದಿಲ್ಲ. ನೆಲ ಕೊಳೆತಿದ್ದರೆ ತಪ್ಪು ಬಹುಪಾಲು ನೆಲದ್ದಲ್ಲ. ನೀರು ಗಾಜಿನ ಬೀಡಿಂಗಿನಿಂದಲೋ ಬಾನೆಟ್ಟಿನ ಹಿಂದೆ ಗಾಳಿ ಒಳಬರುವ ತೊಟ್ಟಿಯಿಂದಲೋ ಇಳಿದು ಮ್ಯಾಟ್ ಕೆಳಗೆ ನಿಂತಿರುತ್ತದೆ. ಆ ಸಂದಿ ಮುಚ್ಚದೆ ಹೊಸ ನೆಲ ಹಾಕಿದರೆ ಕೆಲವೇ ವರ್ಷಗಳಲ್ಲಿ ಮತ್ತೆ ಅದೇ ಕೆಲಸ.

ನೀರು ಹೊರಹೋಗುವ ತೂತುಗಳನ್ನೂ ಆಗಲೇ ನೋಡಿ. ಬಾಗಿಲಿನ ಗಾಜಿನ ಪಕ್ಕದ ರಬ್ಬರ್ ದಾಟಿ ಒಳಗೆ ನೀರು ಇಳಿಯುವುದು ದೋಷವಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ. ಇಳಿದ ನೀರು ತಳದ ತೂತುಗಳಿಂದ ಹೊರಗೆ ಹೋಗಬೇಕು, ಅಷ್ಟೇ. ನನ್ನ ಎರಡನೆಯ ಪಿಕಪ್‌ನ ಎಡಬಾಗಿಲಿನ ತಳದ ತೂತಿಗೆ ತಂತಿ ಚುಚ್ಚಿ ಎಳೆದಾಗ ಮೊದಲು ಬಂದದ್ದು ಒಂದು ಪೆನ್ನಿನ ಮುಚ್ಚಳ. ಹಿಂದೆಯೇ ಒಂದು ಹಿಡಿ ಕಪ್ಪು ಕೆಸರು, ಅದರಲ್ಲಿ ಬಿಳಿ ಬೇರು ಬಿಟ್ಟ ಒಂದು ಬೀಜ. ಬಲಬಾಗಿಲಿನ ತೂತು ತೆರೆದೇ ಇತ್ತು, ಆ ಬಾಗಿಲಿಗೆ ತುಕ್ಕೂ ಇರಲಿಲ್ಲ. ಒಂದೇ ವಾಹನ, ಒಂದೇ ವಯಸ್ಸು.

ಸಿಕ್ಕಿದ್ದನ್ನೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಮೇಲ್ಮೈಯ ತುಕ್ಕಿಗೆ ಒಂದು ಗೆರೆ, ಗುಂಡಿ ಬಿದ್ದದ್ದಕ್ಕೆ ಎರಡು, ತೂತಾದದ್ದಕ್ಕೆ ಅಥವಾ ಒತ್ತಿದರೆ ಬಗ್ಗುವ ತಗಡಿಗೆ ಗುಣಿಸು ಚಿಹ್ನೆ. ಮೊದಲ ಎರಡು ಉಜ್ಜುವ ಕೆಲಸ, ಮೂರನೆಯದು ಕತ್ತರಿಸುವ ಕೆಲಸ. ಗುಣಿಸು ಚಿಹ್ನೆಯ ಜಾಗವನ್ನು ರಾಸಾಯನಿಕದಿಂದ ಉಳಿಸಿಕೊಳ್ಳುತ್ತೇನೆ ಎಂಬ ಆಸೆ ಬೇಡ.

ಬಿಚ್ಚುವುದು

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಬಂಪರ್, ದೀಪ, ಬೀಡಿಂಗ್, ಸೀಟು, ಮ್ಯಾಟ್ ಎಲ್ಲ ಹೊರಗೆ. ತಗಡಿನ ಹಿಂದೆ ಅಂಟಿಸಿದ ಫೋಮ್, ಶಬ್ದ ತಡೆಯುವ ಹಾಳೆಗಳೂ ಹೊರಗೆ, ವೆಲ್ಡಿಂಗ್ ಬಿಸಿಗೆ ಮೊದಲು ಹೊತ್ತಿಕೊಳ್ಳುವುದು ಅವೇ. ಬೋಲ್ಟ್‌ಗಳನ್ನು ಆಯಾ ಭಾಗದ ಹೆಸರು ಬರೆದ ಚೀಲಗಳಲ್ಲಿ ಹಾಕಿ, ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಹಿಡಿದುಕೊಂಡ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಈ ಒಂದು ಉಪಾಯಕ್ಕೆ ಎಷ್ಟೋ ಬೋಲ್ಟ್ ತಲೆಗಳು ಉಳಿದಿವೆ.

ಲೋಹ ಕಾಣುವವರೆಗೆ

ಇದು ಕೊಳಕು ಕೆಲಸ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ಪ್ರೈಮರ್‌ನಲ್ಲಿ ಕ್ರೋಮೇಟ್ ಇರಬಹುದು. ಮೂಗಿಗೆ ಕಟ್ಟಿದ ಬಟ್ಟೆ ಇದಕ್ಕೆ ಸಾಲದು, ಸೂಕ್ಷ್ಮ ಧೂಳು ತಡೆಯುವ ಫಿಲ್ಟರಿನ ಮಾಸ್ಕ್ ಬೇಕು. ಕನ್ನಡಕ, ಅದರ ಮೇಲೆ ಮುಖದ ಶೀಲ್ಡ್. ಗ್ರೈಂಡರ್‌ಗೆ ಹಾಕಿದ ತಂತಿ ಬ್ರಷ್‌ನ ಎಳೆಗಳು ಸೂಜಿಯ ಹಾಗೆ ಹಾರುತ್ತವೆ. ನನ್ನ ಅಂಗಿಯಿಂದ ಅಂಥದ್ದನ್ನು ಹತ್ತಾರು ಬಾರಿ ಕಿತ್ತಿದ್ದೇನೆ.

ಬಣ್ಣ ತೆಗೆಯಲು ಸ್ಪಂಜಿನ ಹಾಗಿರುವ ಸ್ಟ್ರಿಪ್ ಡಿಸ್ಕ್ ಒಳ್ಳೆಯದು, ಅದು ಬಣ್ಣ ತಿನ್ನುತ್ತದೆ, ಲೋಹ ತಿನ್ನುವುದಿಲ್ಲ. ಗಟ್ಟಿ ತುಕ್ಕಿಗೆ 80 ನಂಬರಿನ ಫ್ಲಾಪ್ ಡಿಸ್ಕ್ (ಎಮರಿ ಪಟ್ಟಿಗಳ ಡಿಸ್ಕ್) ಹಾಕಬಹುದು, ಆದರೆ ಬಾಡಿ ತಗಡು ಇರುವುದೇ ಸುಮಾರು 0.8ರಿಂದ 1 ಮಿ.ಮೀ. ಒಂದೇ ಜಾಗದಲ್ಲಿ ನಿಂತರೆ ತುಕ್ಕಿಗಿಂತ ಮೊದಲು ನೀವೇ ತೂತು ಮಾಡುತ್ತೀರಿ. ಬಿಸಿಯೂ ಏರಿ ತಗಡು ಅಲೆಯೇಳುತ್ತದೆ. ಕೈಯಿಟ್ಟು ನೋಡುತ್ತಿರಿ, ಕೈ ಇಡಲಾಗದಷ್ಟು ಬಿಸಿಯಾದರೆ ಬೇರೆ ಜಾಗಕ್ಕೆ ಹೋಗಿ.

ತಂತಿ ಬ್ರಷ್ ಒಂದು ಮೋಸ ಮಾಡುತ್ತದೆ. ಗುಂಡಿಗಳೊಳಗಿನ ತುಕ್ಕನ್ನು ಅದು ತೆಗೆಯುವುದಿಲ್ಲ, ಪಾಲಿಶ್ ಮಾಡುತ್ತದೆ. ಉಜ್ಜಿದ ಮೇಲೆ ತಗಡು ಬೆಳ್ಳಗೆ ಹೊಳೆಯುತ್ತಾ, ನಡುನಡುವೆ ಕಪ್ಪು ಚುಕ್ಕೆಗಳೂ ಹೊಳೆಯುತ್ತಿದ್ದರೆ ಆ ಚುಕ್ಕೆಗಳು ತುಕ್ಕೇ. ಒಂದು ಭೂತಗನ್ನಡಿ ಹಿಡಿದು ನೋಡಿ: ಪ್ರತಿ ಚುಕ್ಕೆಯೂ ಒಂದು ಪುಟ್ಟ ಬಾವಿ, ತಳದಲ್ಲಿ ಗಟ್ಟಿ ಕಪ್ಪು ಪದರ. ಇದಕ್ಕೆ ರಾಸಾಯನಿಕವೋ ಬ್ಲಾಸ್ಟಿಂಗೋ, ಅಂದರೆ ಗಾಳಿಯ ಒತ್ತಡದಲ್ಲಿ ಕಣಗಳನ್ನು ಹೊಡೆಯುವುದೋ ಬೇಕು.

ಬ್ಲಾಸ್ಟಿಂಗ್ ಮೂಲೆ, ಸಂದಿ, ಮೌಂಟ್‌ಗಳಿಗೆ ಸೊಗಸು. ಬಾನೆಟ್, ಬಾಗಿಲು, ಛಾವಣಿಯಂಥ ಅಗಲ ತಗಡಿಗೆ ಕಡಿಮೆ ಒತ್ತಡದಲ್ಲಿ ಕೆಲಸ ಮಾಡಿ ಗೊತ್ತಿದ್ದವರಾದರೆ ಮಾತ್ರ. ಕಣಗಳ ಪೆಟ್ಟಿಗೆ ತಗಡಿನ ಒಂದು ಮೈ ಹಿಗ್ಗಿ ಇಡೀ ಫಲಕ ಹೊಟ್ಟೆ ಬಿಡುತ್ತದೆ, ಅದನ್ನು ಮತ್ತೆ ಚಪ್ಪಟೆ ಮಾಡುವುದು ಕಷ್ಟ. ಸಾದಾ ಮರಳನ್ನಂತೂ ಹೊಡೆಯಲೇಬೇಡಿ, ಅದರ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಗಾರ್ನೆಟ್ ಎಂಬ ಖನಿಜದ ಕಣ ಬಳಸಿ.

ರಾಸಾಯನಿಕದಲ್ಲಿ ನನ್ನ ಆಯ್ಕೆ ಫಾಸ್ಫಾರಿಕ್ ಆಮ್ಲದ ದ್ರಾವಣ. ಸಡಿಲ ತುಕ್ಕು ತೆಗೆದ ಮೇಲೆ ಬ್ರಷ್‌ನಿಂದ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಇಡಿ. ತುಕ್ಕು ಕರಗಿ, ಉಳಿದದ್ದು ಕಬ್ಬಿಣದ ಫಾಸ್ಫೇಟ್ ಆಗಿ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಮೇಲಿನ ಆಮ್ಲದ ಪದರವನ್ನು ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಉಜ್ಜಬೇಕು. ಆಮ್ಲ ಉಳಿದ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ. ಟ್ಯಾನಿನ್ ಇರುವ ‘ತುಕ್ಕು ಪರಿವರ್ತಕ’ಗಳು ತುಕ್ಕನ್ನು ತೆಗೆಯುವುದಿಲ್ಲ, ಇದ್ದಲ್ಲೇ ಕಪ್ಪು ಪದರವಾಗಿಸುತ್ತವೆ. ಕೈ ಹೋಗದ ಒಳಭಾಗಕ್ಕೆ ಸರಿ, ಹೊರಗಿನ ಕಾಣುವ ತಗಡಿಗೆ ನಾನು ನೆಚ್ಚುವುದಿಲ್ಲ.

ಕೀಲು, ಬ್ರಾಕೆಟ್, ಬೋಲ್ಟ್‌ನಂಥ ಸಣ್ಣಪುಟ್ಟವನ್ನು ಸಿಟ್ರಿಕ್ ಆಮ್ಲದ ನೀರಿನಲ್ಲಿ ಒಂದು ರಾತ್ರಿ ನೆನೆಸಿಡಿ. ಅವಸರ ಇಲ್ಲದವರು ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಗಟ್ಟಲೆ ಮುಳುಗಿಸಿಡುವುದೂ ಉಂಟು. ತುಕ್ಕು ಮಾತ್ರ ಬಿಡುತ್ತದೆ, ಒಳ್ಳೆಯ ಉಕ್ಕಿಗೆ ಏನೂ ಆಗುವುದಿಲ್ಲ. ವಾಸನೆ ಮಾತ್ರ ಕೇಳಬೇಡಿ. ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ಬಿಡಿಸುವವರು ಸ್ಟೇನ್‌ಲೆಸ್ ಸ್ಟೀಲನ್ನು ಎದುರು ತುದಿಗೆ ಕಟ್ಟಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಜಲಜನಕ ಏಳುವುದರಿಂದ ಆ ಕೆಲಸ ಬಯಲಲ್ಲೇ ಆಗಬೇಕು.

ಬೆತ್ತಲೆ ಲೋಹವನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ. ಗಾಳಿಯ ತೇವಕ್ಕೇ ಬೆಳಿಗ್ಗೆ ಹೊತ್ತಿಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಹಬ್ಬಿರುತ್ತದೆ. ಬೆವರಿದ ಬರಿಗೈ ಇಟ್ಟರೆ ಐದು ಬೆರಳೂ ಅಚ್ಚೊತ್ತುತ್ತವೆ. ಒಂದು ದಿನಕ್ಕೆ ಪ್ರೈಮರ್ ಹಚ್ಚಿ ಮುಗಿಸುವಷ್ಟನ್ನೇ ಉಜ್ಜಿ.

ಕತ್ತರಿಸಿ ತೇಪೆ ಹಾಕುವುದು

ಇಲ್ಲಿ ಅವಸರ ಮಾಡಿದವರು ಆಮೇಲೆ ಪುಟ್ಟಿಯ ಡಬ್ಬಿಗಳಲ್ಲಿ ದಂಡ ತೆರುತ್ತಾರೆ.

ಬಾಗಿಲ ಕೆಳಗಿನ ಪಟ್ಟಿ ಅಥವಾ ಕ್ಯಾಬಿನ್ ಮೂಲೆ ಕತ್ತರಿಸುವ ಮುಂಚೆ ಬಾಗಿಲು ಮುಚ್ಚಿ ಸುತ್ತಲಿನ ಸಂದಿಯನ್ನು ಅಳೆದು ಬರೆದಿಡಿ. ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕೊಳವೆಯನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ. ಬಾಗಿಲ ಕೆಳಗಿನ ಪಟ್ಟಿಯೇ ಕ್ಯಾಬಿನ್ನನ್ನು ಎತ್ತಿ ಹಿಡಿದಿರುತ್ತದೆ. ಕತ್ತರಿಸಿದೊಡನೆ ಕ್ಯಾಬಿನ್ ಕುಸಿದರೆ ಎಷ್ಟು ಚೆಂದ ವೆಲ್ಡ್ ಮಾಡಿದರೂ ಬಾಗಿಲು ಮತ್ತೆ ಹಾಕಿಕೊಳ್ಳುವುದಿಲ್ಲ. ಹಾಗೆಯೇ ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸಬೇಡಿ.

ಕತ್ತರಿಸುವ ಗೆರೆ ತುಕ್ಕಿನ ಅಂಚಿನಲ್ಲಿ ಬೇಡ. ತಗಡು ಪೂರ್ತಿ ದಪ್ಪ ಇರುವಲ್ಲಿಗೆ, ಅಂದರೆ ಕಾಣುವ ತುಕ್ಕಿನಿಂದ ಎರಡು ಮೂರು ಸೆಂಟಿಮೀಟರ್ ಆಚೆಗೆ ಹೋಗಿ. ತೆಳುವಾದ ಅಂಚಿಗೆ ವೆಲ್ಡ್ ಮುಟ್ಟಿಸಿದರೆ ಅದು ಕರಗಿ ತೂತು ದೊಡ್ಡದಾಗುತ್ತಲೇ ಹೋಗುತ್ತದೆ, ಬೆನ್ನಟ್ಟಿದಷ್ಟೂ ಓಡುತ್ತದೆ. ಒಳಗೆ ಇನ್ನೊಂದು ಪದರ ಇರುತ್ತದೆಂಬುದು ನೆನಪಿರಲಿ. ಗ್ರೈಂಡರ್ ಡಿಸ್ಕನ್ನು ಆಳಕ್ಕೆ ಇಳಿಸದೆ ಹೊರತಗಡನ್ನಷ್ಟೇ ಕತ್ತರಿಸಿ, ಒಳಪದರ ಕೊಳೆತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಕತ್ತರಿಸಿದ ಜಾಗದ ಮೇಲೆ ದಪ್ಪ ಕಾಗದ ಇಟ್ಟು ಅಂಚಿನುದ್ದಕ್ಕೂ ಬೆರಳಿನಿಂದ ಒತ್ತಿದರೆ ಅಳತೆ ಮೂಡುತ್ತದೆ. ಅದನ್ನು ಹೊಸ ತಗಡಿನ ಮೇಲೆ ಗೀಚಿ ಕತ್ತರಿಸಿ. ದಪ್ಪ ಮೂಲದಷ್ಟೇ ಇರಲಿ, ಗಟ್ಟಿಯಾಗಲೆಂದು ದಪ್ಪ ತಗಡು ಹಾಕಿದರೆ ತೆಳುವಾದ ಹಳೆಯ ತಗಡು ಸುಡುತ್ತದೆ, ದಪ್ಪದ್ದು ಬೆಸೆಯುವುದಿಲ್ಲ. ಮೂಲೆಗಳು ಚೂಪಾಗಿರದೆ ದುಂಡಗಿರಲಿ, ಚೂಪು ಮೂಲೆಯಲ್ಲಿ ಬಿಸಿ ಸೇರಿ ತಗಡು ಸೊಟ್ಟಗಾಗುತ್ತದೆ. ತೇಪೆಯನ್ನು ಹಳೆಯದರ ಮೇಲೆ ಹೊದಿಸುವುದಕ್ಕಿಂತ ಅಂಚಿಗೆ ಅಂಚು ಕೂರಿಸುವುದು ಮೇಲು. ಹೊದಿಸಿದರೆ ಎರಡು ತಗಡಿನ ನಡುವೆ ನೀರಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಅಂಚುಗಳ ನಡುವೆ ವೆಲ್ಡಿಂಗ್ ತಂತಿಯ ದಪ್ಪದಷ್ಟು ಸಂದಿ ಬಿಡಿ.

ವೆಲ್ಡಿಂಗ್‌ಗೆ ಮಿಗ್ ಯಂತ್ರ (ತಂತಿಯನ್ನು ತಾನೇ ಉಣಿಸುತ್ತಾ ಗ್ಯಾಸಿನ ಮರೆಯಲ್ಲಿ ಬೆಸೆಯುವಂಥದ್ದು), 0.6 ಮಿ.ಮೀ. ತಂತಿ, ಆರ್ಗಾನ್ ಮುಕ್ಕಾಲು ಪಾಲು ಮತ್ತು ಉಳಿದದ್ದು ಇಂಗಾಲದ ಡೈಆಕ್ಸೈಡ್ ಇರುವ ಗ್ಯಾಸ್. ಕಡ್ಡಿ ವೆಲ್ಡಿಂಗ್ ಈ ತೆಳು ತಗಡಿಗೆ ಆಗುವ ಮಾತಲ್ಲ. ಕತ್ತರಿಸಿ ಉಳಿದ ಚೂರುಗಳ ಮೇಲೆ ಮೊದಲು ಕೈ ಕುದುರಿಸಿಕೊಳ್ಳಿ. ಆಮೇಲೆ ಒಂದು ಟ್ಯಾಕ್, ಅಂದರೆ ಚುಕ್ಕೆಯಷ್ಟು ವೆಲ್ಡ್, ಮೇಲೆ, ಇನ್ನೊಂದು ನೇರ ಎದುರಿಗೆ ಕೆಳಗೆ, ಮತ್ತೊಂದು ಎಡಕ್ಕೆ, ಬಲಕ್ಕೆ. ಹೀಗೆ ಹಾರಿ ಹಾರಿ ಹಾಕುತ್ತಾ ಎರಡು ಮೂರು ಸೆಂಟಿಮೀಟರಿಗೊಂದು ಚುಕ್ಕೆ ಬೀಳಲಿ. ಪ್ರತಿ ಸುತ್ತಿನ ಬಳಿಕ ತಗಡು ಕೈಗೆ ತಣ್ಣಗಾಗುವವರೆಗೆ ನಿಲ್ಲಿ, ನಡುವಿನ ಜಾಗಗಳನ್ನೂ ಚುಕ್ಕೆ ಚುಕ್ಕೆಯಾಗಿಯೇ ತುಂಬಿ. ಒಂದೇ ಉಸಿರಿಗೆ ಉದ್ದ ಗೆರೆ ಎಳೆದರೆ ನೋಡುತ್ತಿದ್ದಂತೆ ಫಲಕ ಸೊಟ್ಟಗಾಗುತ್ತದೆ. ಹಿಂದಿನಿಂದ ಒಂದು ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಬಿಸಿಯನ್ನು ಅದು ಹೀರಿಕೊಳ್ಳುತ್ತದೆ, ವೆಲ್ಡ್ ತಾಮ್ರಕ್ಕೆ ಅಂಟುವುದೂ ಇಲ್ಲ.

ವೆಲ್ಡಿಂಗ್ ವೇಳೆ ಮೂರು ಎಚ್ಚರಿಕೆ. ಇಂಧನ ಟ್ಯಾಂಕ್, ಅದರ ಪೈಪುಗಳ ಹತ್ತಿರ ಕೆಲಸವಿದ್ದರೆ ಅವನ್ನು ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ. ಸತು ಲೇಪಿಸಿದ ತಗಡಾದರೆ ವೆಲ್ಡ್ ಬರುವಲ್ಲಿ ಲೇಪ ಉಜ್ಜಿ ತೆಗೆಯಿರಿ, ಅದರ ಹೊಗೆಗೆ ಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತಗಡು ಒರೆಸಿ ವೆಲ್ಡ್ ಮಾಡಲೇಬಾರದು. ಆ ಬಿಸಿಗೆ ಫಾಸ್ಜೀನ್ ಎಂಬ ಪ್ರಾಣಾಂತಿಕ ಅನಿಲ ಹುಟ್ಟುತ್ತದೆ. ಅಗ್ನಿಶಾಮಕ ಕೈಗೆಟುಕುವಂತಿರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.

ಪ್ರೈಮರ್, ಸೀಲರ್, ಪುಟ್ಟಿ

ವೆಲ್ಡನ್ನು ಮಟ್ಟಕ್ಕೆ ಉಜ್ಜಿ, ಹಿಂದಿನಿಂದ ದೀಪ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ತೂತೇ, ಮತ್ತೆ ಒಂದು ಚುಕ್ಕೆ ಹಾಕಿ.

ಮೇಣ ಮತ್ತು ಜಿಡ್ಡು ತೆಗೆಯುವ ದ್ರವ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಒಣಗುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಒಂದೇ ಬಟ್ಟೆಯಾದರೆ ಜಿಡ್ಡು ಜಾಗ ಬದಲಾಯಿಸುತ್ತದೆ, ಹೋಗುವುದಿಲ್ಲ. ಆಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್, ಎರಡು ಕೋಟ್. ಬೇರೆ ಸಾಮಾನ್ಯ ಪ್ರೈಮರ್‌ಗಳು ತೇವವನ್ನು ಒಳಕ್ಕೆ ಬಿಡುತ್ತವೆ, ಎಪಾಕ್ಸಿ ಬಹುಮಟ್ಟಿಗೆ ತಡೆಯುತ್ತದೆ. ತೇಪೆಯ ಹಿಂಬದಿಗೂ, ಕೈ ಹೋಗುವಷ್ಟು ದೂರ, ಇದನ್ನೇ ಬಳಿಯಿರಿ. ಮುಂದಿನ ಪದರವನ್ನು ಉಜ್ಜದೆಯೇ ಎಷ್ಟು ಹೊತ್ತಿನೊಳಗೆ ಹಚ್ಚಬಹುದೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಆ ಅವಧಿ ಮೀರಿದರೆ ಎಮರಿ ಪೇಪರ್ ಎಳೆದು ಮುಂದುವರಿಯಿರಿ.

ಎರಡು ತಗಡು ಸೇರುವ ಪ್ರತಿ ಸಂದಿಗೂ ಎಪಾಕ್ಸಿಯ ಮೇಲೆ ಸೀಮ್ ಸೀಲರ್ ಎಳೆಯಿರಿ. ಮನೆಯಲ್ಲಿ ಬಳಸುವ ಸಿಲಿಕಾನ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಪುಟ್ಟಿ ಇರುವುದು ಅಲೆಗಳನ್ನು ಮುಚ್ಚಲು, ಗುಂಡಿ ತುಂಬಲು ಅಲ್ಲ. ಉಜ್ಜಿ ಮುಗಿಸಿದಾಗ 3 ಮಿ.ಮೀ.ಗಿಂತ ದಪ್ಪ ಉಳಿಯುವಂತಿದ್ದರೆ ಸುತ್ತಿಗೆ ಮತ್ತು ಡಾಲಿ (ತಗಡಿನ ಹಿಂದೆ ಆನಿಸುವ ಕಬ್ಬಿಣದ ಗಟ್ಟಿ) ಹಿಡಿದು ತಗಡನ್ನೇ ಇನ್ನಷ್ಟು ಸರಿಮಾಡಿ. ಪುಟ್ಟಿಯನ್ನು ಗಟ್ಟಿಯಾಗಿಸುವ ಹಾರ್ಡನರ್ ತೂಕದಲ್ಲಿ ಸುಮಾರು 2 ಪ್ರತಿಶತ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಮೇಲಿನ ಬಣ್ಣಕ್ಕೆ ಕಲೆ ಏರುತ್ತದೆ. ಎರಡೂ ಬಣ್ಣ ಸೇರಿ ಒಂದೇ ಬಣ್ಣವಾಗುವವರೆಗೆ ಒತ್ತಿ ಒತ್ತಿ ಕಲಸಿ, ಮೊಸರು ಕಡೆದಂತೆ ಕಡೆದರೆ ಗಾಳಿ ಸೇರಿ ಸೂಜಿತೂತು ಬೀಳುತ್ತವೆ. ಕೈಯಲ್ಲಿ ಐದು ನಿಮಿಷದಷ್ಟೇ ಸಮಯ ಇರುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ.

ಉಜ್ಜುವುದು ಉದ್ದನೆಯ ಬ್ಲಾಕಿಗೆ ಸುತ್ತಿದ ಪೇಪರಿನಿಂದ, 80ರಿಂದ ಶುರುಮಾಡಿ 180ರವರೆಗೆ, ಓರೆಯಾಗಿ ಎರಡೂ ದಿಕ್ಕಿಗೆ. ಬರಿಬೆರಳಲ್ಲಿ ಉಜ್ಜಿದರೆ ಬೆರಳಿನದೇ ಹಳ್ಳಗಳು ಬೀಳುತ್ತವೆ. ಕಣ್ಣು ನಂಬಬೇಡಿ. ಕಣ್ಣು ಮುಚ್ಚಿ, ತೆಳು ಬಟ್ಟೆಯೊಂದನ್ನು ಅಂಗೈ ಕೆಳಗಿಟ್ಟು ಸವರಿದರೆ ಏರುತಗ್ಗು ತಾನಾಗಿ ತಿಳಿಯುತ್ತದೆ. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ.

ಬಣ್ಣ

ಪುಟ್ಟಿಯ ಮೇಲೆ ದಪ್ಪ ಕೂರುವ ಸರ್ಫೇಸರ್ ಎಂಬ ಪ್ರೈಮರ್ ಎರಡು ಮೂರು ಕೋಟ್. ಒಣಗಿದ ಮೇಲೆ ಬೇರೆ ಬಣ್ಣದ ತೆಳು ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಎರಚಿ ಬ್ಲಾಕಿನಿಂದ ಉಜ್ಜಿ. ಆ ಬಣ್ಣ ಉಳಿದುಕೊಂಡಲ್ಲಿ ತಗ್ಗಿದೆ, ಉಜ್ಜಿದೊಡನೆ ಪ್ರೈಮರ್ ದಾಟಿ ಪುಟ್ಟಿಯೋ ಲೋಹವೋ ಕಂಡಲ್ಲಿ ಉಬ್ಬಿದೆ. ಕೊನೆಗೆ 400ರಿಂದ 600ರ ವಾಟರ್ ಪೇಪರ್.

ಬಣ್ಣ ಹೊಡೆಯುವ ಗನ್ನು ಫಲಕದಿಂದ 15ರಿಂದ 20 ಸೆಂ.ಮೀ. ದೂರ, ಮಣಿಕಟ್ಟು ತಿರುಗಿಸದೆ ಇಡೀ ತೋಳು ಸರಿಯಲಿ, ಪ್ರತಿ ಸಾಲು ಹಿಂದಿನದರ ಅರ್ಧವನ್ನು ಮುಚ್ಚಲಿ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಮುಂದೂಡಿ. ಹಾರ್ಡನರ್ ಬೆರೆಸುವ ಬಹುಪಾಲು ಬಣ್ಣಗಳಲ್ಲಿ ಐಸೋಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ. ರಕ್ಷಣೆ ಸಾಲದಿದ್ದರೂ ವಾಸನೆ ಎಚ್ಚರಿಸುವುದಿಲ್ಲ, ಒಮ್ಮೆ ಶ್ವಾಸಕೋಶಕ್ಕೆ ಒಗ್ಗದೆ ಹೋದರೆ ಜೀವಮಾನದ ಉಬ್ಬಸ. ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇಲ್ಲದೆ ಅದನ್ನು ಹೊಡೆಯಬೇಡಿ. ನಾನು ಪ್ರೈಮರ್ ಉಜ್ಜಿ ಮುಗಿಸುವವರೆಗಿನ ಕೆಲಸ ಮಾಡಿಕೊಂಡು, ಕೊನೆಯ ಬಣ್ಣಕ್ಕೆ ಬಣ್ಣದ ಬೂತ್ ಇರುವವರ ಹತ್ತಿರ ವಾಹನ ಬಿಡುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಿಂದಿನ ಸರಕು ತೊಟ್ಟಿಯ ಒಳಗೆ ಹೊಳಪಿನ ಬಣ್ಣ ದಂಡ. ಎಪಾಕ್ಸಿಯ ಮೇಲೆ ತೊಟ್ಟಿಗೆಂದೇ ಇರುವ ಒರಟು ಲೇಪ, ಬೆಡ್‌ಲೈನರ್ ಹಚ್ಚಿ. ಅದನ್ನೂ ತುಕ್ಕು ಪೂರ್ತಿ ತೆಗೆದ ಮೇಲೆಯೇ. ಲೈನರ್ ಕೆಳಗೆ ಉಳಿದ ತುಕ್ಕು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ.

ಒಳಮೈಗೆ ಮೇಣ

ವೆಲ್ಡಿಂಗ್ ಬಿಸಿಗೆ ತಗಡಿನ ಹಿಂಬದಿಯ ಬಣ್ಣ ಸುಟ್ಟುಹೋಗಿರುತ್ತದೆ. ಬಣ್ಣವೆಲ್ಲ ಒಣಗಿದ ಮೇಲೆ ಬಾಗಿಲ ಹೊಟ್ಟೆ, ಕೆಳಪಟ್ಟಿ, ಕ್ಯಾಬಿನ್ ಮೂಲೆ, ಎಲ್ಲ ಟೊಳ್ಳು ಜಾಗಗಳಿಗೂ ಕ್ಯಾವಿಟಿ ವ್ಯಾಕ್ಸ್ ಹೊಡೆಯಬೇಕು. ತುದಿಯಲ್ಲಿ ಸುತ್ತಲೂ ಚಿಮ್ಮುವ ಉದ್ದ ನಳಿಕೆಯನ್ನು ತೂತಿನೊಳಗೆ ಕೊನೆಯವರೆಗೆ ತೂರಿಸಿ, ಗುಂಡಿ ಒತ್ತಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ವೆಲ್ಡಿಂಗ್‌ಗೂ ಮೊದಲು ಇದನ್ನು ಹೊಡೆಯಬಾರದು, ಹೊತ್ತಿಕೊಳ್ಳುತ್ತದೆ.

ಹೊಡೆಯುವ ಮುಂಚೆ ನೀರಿನ ತೂತುಗಳನ್ನು ಇನ್ನೊಮ್ಮೆ ನೋಡಿ. ಸೀಲರ್ ಜಾರಿ ಮುಚ್ಚಿರಬಹುದು, ಮಾಸ್ಕಿಂಗ್ ಟೇಪಿನ ಚೂರು ಉಳಿದಿರಬಹುದು. ಆಮೇಲೆ ವಾಹನದ ಎರಡೂ ಬದಿಗೆ ಹಳೆಯ ರಟ್ಟು ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪ್ರತಿ ತೂತಿನ ನೇರ ಕೆಳಗೆ ರಟ್ಟಿನ ಮೇಲೆ ಮೇಣದ ಹನಿ ಬಿದ್ದಿರಬೇಕು. ಹನಿ ಬೀಳದ ತೂತಿಗೆ ತಂತಿ ಚುಚ್ಚಿ.